ಕ್ರೂಸರ್ ಮಾದರಿಯ ಮೋಟಾರು ಸೈಕಲ್‌ಗಳ ಹ್ಯಾಂಡಲ್‌ಬಾರ್ ಬದಲಾವಣೆ: ವಾಹನ ಮಾಲೀಕರಿಗೆ ಮಾಹಿತಿ

ಕ್ರೂಸರ್ ಮಾದರಿಯ ಮೋಟಾರು ಸೈಕಲ್‌ಗಳ ಮಾಲೀಕರು ವಾಹನದೊಂದಿಗೆ ಬಂದ ಹ್ಯಾಂಡಲ್‌ಬಾರನ್ನು ತೆಗೆದು ಬೇರೆ ಆಕಾರದ ಅಥವಾ ಬೇರೆ ಎತ್ತರದ ಹ್ಯಾಂಡಲ್‌ಬಾರನ್ನು ಅಳವಡಿಸಿಕೊಳ್ಳುವುದು ಸಾಮಾನ್ಯವಾಗಿದೆ. ಕೆಲವರು ಬೆನ್ನು ಅಥವಾ ಭುಜದ ನೋವಿನ ಕಾರಣದಿಂದಲೂ, ಕೆಲವರು ತಮ್ಮ ಎತ್ತರಕ್ಕೆ ಹೊಂದುವಂತೆಯೂ, ಹಲವರು ಕೇವಲ ಅಂದಕ್ಕಾಗಿಯೂ ಈ ಬದಲಾವಣೆ ಮಾಡಿಸುತ್ತಾರೆ. ಕಾರಣ ಯಾವುದೇ ಆಗಿರಲಿ, ಹ್ಯಾಂಡಲ್‌ಬಾರ್ ವಾಹನದ ಅಲಂಕಾರದ ಭಾಗವಲ್ಲ. ದಿಕ್ಕು, ವೇಗ, ಕ್ಲಚ್ ಮತ್ತು ಮುಂಭಾಗದ ಬ್ರೇಕ್ ಈ ನಾಲ್ಕೂ ನಿಯಂತ್ರಣಗಳು ಅದರ ಮೇಲೆಯೇ ಇರುತ್ತವೆ. ಆದುದರಿಂದ ಹಣ ವೆಚ್ಚ ಮಾಡುವ ಮೊದಲು ಕಾನೂನಿನ ಅಂಶಗಳನ್ನೂ ತಾಂತ್ರಿಕ ಅಂಶಗಳನ್ನೂ ತಿಳಿದುಕೊಳ್ಳುವುದು ಅವಶ್ಯಕ.

ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವ ರೀತಿಯಲ್ಲಿ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಇದೇ ಕಲಮಿನ ವಿವರಣೆಯಲ್ಲಿ, ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯನ್ನು ಮಾರ್ಪಾಡು ಎಂದು ಹೇಳಲಾಗಿದೆ. ಕೇರಳ ರಾಜ್ಯದ ಪ್ರಕರಣವೊಂದರಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ದಿನಾಂಕ 9-1-2019ರಂದು ನೀಡಿದ ತೀರ್ಪಿನಲ್ಲಿ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದೂ, ರಾಜ್ಯದ ನಿಯಮಗಳು ಈ ಕಲಮಿಗೆ ಅಧೀನವೆಂದೂ ಸ್ಪಷ್ಟಪಡಿಸಿದೆ.

ಹ್ಯಾಂಡಲ್‌ಬಾರಿನ ಅಳತೆಯಾಗಲಿ ಆಕಾರವಾಗಲಿ ನೋಂದಣಿ ಪ್ರಮಾಣ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ನಮೂದಾಗಿರುವುದಿಲ್ಲ. ಹೀಗಿರುವಾಗ ಅದನ್ನು ಬದಲಾಯಿಸಲು ಅಡ್ಡಿ ಏನು ಎಂಬ ಪ್ರಶ್ನೆ ಸಹಜವಾದುದು. ಆರ್.ಸಿ.ಯಲ್ಲಿ ನಮೂದಿಲ್ಲದಿರುವುದೊಂದೇ ಅನುಮತಿಗೆ ಸಮವಾಗುವುದಿಲ್ಲ. ವಾಹನದ ಮಾದರಿಯು ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 126ರಂತೆ ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್‌ನಂತಹ ಸಂಸ್ಥೆಯಲ್ಲಿ ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆದಿರುತ್ತದೆ. ಪರೀಕ್ಷೆಯಾದದ್ದು ತಯಾರಕರು ಜೋಡಿಸಿದ ಭಾಗಗಳೊಂದಿಗೆ.

ಆದ್ದರಿಂದ ಪ್ರಕರಣಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಅಪಘಾತದಲ್ಲಿ ಬಾಗಿದ ಹ್ಯಾಂಡಲ್‌ಬಾರಿನ ಬದಲು ಅದೇ ಮಾದರಿಯ, ಅದೇ ಅಳತೆಯ ಹೊಸದನ್ನು ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ತಯಾರಕರೇ ಸದರಿ ಮಾದರಿಗೆಂದು ತಮ್ಮ ಬಿಡಿಭಾಗಗಳ ಪಟ್ಟಿಯಲ್ಲಿ ತೋರಿಸಿ, ಅಧಿಕೃತ ಮಾರಾಟಗಾರರ ಮೂಲಕ ಅಳವಡಿಸಿಕೊಡುವ ಹ್ಯಾಂಡಲ್‌ಬಾರಿನ ವಿಷಯದಲ್ಲಿಯೂ ತೊಂದರೆಯ ಸಂಭವ ಕಡಿಮೆ. ಅದರ ರಸೀದಿಯನ್ನು ಕಾಪಾಡಿಕೊಳ್ಳುವುದು ಸೂಕ್ತ. ಬೇರೆ ವಾಹನದ ಹ್ಯಾಂಡಲ್‌ಬಾರನ್ನು ತಂದು ಹೊಂದಿಸುವುದು, ಪೈಪನ್ನು ಕತ್ತರಿಸಿ ವೆಲ್ಡಿಂಗ್ ಮಾಡಿಸುವುದು, ಕೈಗಳು ಭುಜಕ್ಕಿಂತ ಮೇಲೇರುವಷ್ಟು ಎತ್ತರದ ಏಪ್ ಹ್ಯಾಂಗರ್ ಮಾದರಿಯನ್ನು ಹಾಕಿಸುವುದು ಇವುಗಳನ್ನು ಮಾರ್ಪಾಡೆಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಈ ಎತ್ತರದ ಮಾದರಿಯು ರೂಢಿಗೆ ಬಂದ ಅಮೆರಿಕದಲ್ಲಿಯೇ ಹಲವು ರಾಜ್ಯಗಳು ಅದರ ಎತ್ತರಕ್ಕೆ ಮಿತಿ ಹಾಕಿವೆ ಎಂಬುದನ್ನು ಇಲ್ಲಿ ಗಮನಿಸಬಹುದು.

2019ರ ತಿದ್ದುಪಡಿಯ ನಂತರ, ಕಲಂ 182-ಎ (4)ರಂತೆ, ಕಾಯ್ದೆ ಹಾಗೂ ನಿಯಮಗಳಲ್ಲಿ ಅವಕಾಶವಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. "ಪ್ರತಿ ಮಾರ್ಪಾಡಿಗೆ" ಎಂಬ ಪದಗಳು ಮುಖ್ಯವಾದವು. ಹ್ಯಾಂಡಲ್‌ಬಾರ್ ಬದಲಾಯಿಸುವವರು ಅದರೊಂದಿಗೆ ಸೈಲೆನ್ಸರ್ ಬದಲಾಯಿಸುವುದು, ಎರಡು ಆಸನದ ಸೀಟು ತೆಗೆದು ಒಂಟಿ ಸೀಟು ಹಾಕಿಸುವುದು, ಬಣ್ಣ ಬದಲಿಸುವುದು ಉಂಟು. ಆಸನ ಸಾಮರ್ಥ್ಯ ಮತ್ತು ಬಣ್ಣ ಇವೆರಡೂ ಆರ್.ಸಿ.ಯಲ್ಲಿ ನೇರವಾಗಿ ನಮೂದಾಗಿರುವ ವಿವರಗಳಾದುದರಿಂದ ಅವುಗಳ ಬದಲಾವಣೆಯು ತಪಾಸಣೆಯಲ್ಲಿ ಕೂಡಲೇ ಕಂಡುಬರುತ್ತದೆ.

"ಆರ್.ಟಿ.ಓ. ಅನುಮೋದಿತ" ಎಂಬ ಚೀಟಿ

ಕೆಲವು ಬಿಡಿಭಾಗಗಳು "ಆರ್.ಟಿ.ಓ. ಅನುಮೋದಿತ" ಎಂಬ ಚೀಟಿಯೊಂದಿಗೆ ಮಾರಾಟವಾಗುತ್ತವೆ. ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಗಳು ಅಂಗಡಿಯಲ್ಲಿ ಮಾರುವ ಹ್ಯಾಂಡಲ್‌ಬಾರುಗಳಿಗೆ ಅನುಮೋದನೆ ನೀಡುವುದಿಲ್ಲ. ನೋಂದಣಿ ಪ್ರಾಧಿಕಾರದ ಮುಂದೆ ಬರುವುದು ಒಂದು ನಿರ್ದಿಷ್ಟ ವಾಹನವೇ ಹೊರತು ಅಂಗಡಿಯ ಸರಕಲ್ಲ. ಇಂತಹ ಚೀಟಿಯನ್ನು ನಂಬಿ ಖರೀದಿಸಿದವರಿಗೆ ತಪಾಸಣೆಯ ಸಮಯದಲ್ಲಿ ಅದರಿಂದ ಯಾವ ರಕ್ಷಣೆಯೂ ದೊರೆಯುವುದಿಲ್ಲ.

ತಾಂತ್ರಿಕ ಅಂಶಗಳು

ಹ್ಯಾಂಡಲ್‌ಬಾರ್ ಬದಲಾವಣೆಯಿಂದ ಉಂಟಾಗುವ ಅಪಾಯವು ಬಹುಪಾಲು ಪೈಪಿನಿಂದಲ್ಲ, ಅದಕ್ಕೆ ಜೋಡಿಸಿದ ಕೇಬಲ್‌ಗಳಿಂದ ಬರುತ್ತದೆ. ಮೂಲ ಹ್ಯಾಂಡಲ್‌ಬಾರಿನ ಎತ್ತರಕ್ಕೆ ತಕ್ಕಷ್ಟೇ ಉದ್ದದ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್ ಮತ್ತು ವಿದ್ಯುತ್ ತಂತಿಗಳನ್ನು ತಯಾರಕರು ಒದಗಿಸಿರುತ್ತಾರೆ. ಎತ್ತರದ ಅಥವಾ ಅಗಲದ ಹ್ಯಾಂಡಲ್‌ಬಾರಿಗೆ ಹಳೆಯ ಕೇಬಲ್‌ಗಳನ್ನೇ ಎಳೆದು ಜೋಡಿಸಿದಾಗ, ವಾಹನ ನೇರವಾಗಿ ನಿಂತಿರುವವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಬಿಗಿಯಾದ ಆಕ್ಸಿಲರೇಟರ್ ಕೇಬಲ್ ತಾನಾಗಿಯೇ ಎಳೆಯಲ್ಪಟ್ಟು ಎಂಜಿನ್ ವೇಗ ಏರುತ್ತದೆ. ಕಿರಿದಾದ ರಸ್ತೆಯಲ್ಲಿ ವಾಹನವನ್ನು ಹಿಂದಕ್ಕೆ ತಿರುಗಿಸುವಾಗ ಸವಾರನು ಕೈಯನ್ನು ಅಲುಗಿಸದಿದ್ದರೂ ವಾಹನ ಮುನ್ನುಗ್ಗುವುದು ಈ ಕಾರಣದಿಂದ.

ಆದುದರಿಂದ ಕೆಲಸ ಮುಗಿದ ನಂತರ ಗ್ಯಾರೇಜಿನಲ್ಲಿಯೇ, ವಾಹನವನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಅಥವಾ ಬೇರೆ ಆಧಾರದ ಮೇಲೆ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿರುವಂತೆ ಎಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಯವರೆಗೆ ನಿಧಾನವಾಗಿ ತಿರುಗಿಸಿ ನೋಡತಕ್ಕದ್ದು. ಎಂಜಿನ್ ಸದ್ದಿನಲ್ಲಿ ವ್ಯತ್ಯಾಸ ಬರಬಾರದು. ಆಕ್ಸಿಲರೇಟರ್ ಹಿಡಿಯನ್ನು ತಿರುಗಿಸಿ ಬಿಟ್ಟಾಗ, ಹ್ಯಾಂಡಲ್ ಯಾವ ಸ್ಥಿತಿಯಲ್ಲಿದ್ದರೂ, ಅದು ತಾನಾಗಿ ಹಿಂದಕ್ಕೆ ಬರಬೇಕು. ಕ್ಲಚ್ ಲಿವರಿನಲ್ಲಿ ಸ್ವಲ್ಪ ಸಡಿಲು ಎರಡೂ ತುದಿಗಳಲ್ಲಿ ಉಳಿದಿರಬೇಕು. ಐದು ನಿಮಿಷದ ಈ ಪರೀಕ್ಷೆ ಮಾಡದೆ ವಾಹನವನ್ನು ರಸ್ತೆಗೆ ಇಳಿಸಬಾರದು.

ಮುಂಭಾಗದ ಡಿಸ್ಕ್ ಬ್ರೇಕಿನ ಹೋಸ್ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಎಳೆದು ಕಟ್ಟಿದ ಹೋಸ್ ಗುಂಡಿಯಲ್ಲಿ ಮುಂಭಾಗದ ಸಸ್ಪೆನ್ಷನ್ ಚಲಿಸುವಾಗಲೂ ಹ್ಯಾಂಡಲ್ ತಿರುಗುವಾಗಲೂ ಪದೇ ಪದೇ ಜಗ್ಗಲ್ಪಟ್ಟು ತುದಿಯಲ್ಲಿ ಬಿರುಕು ಬಿಡಬಹುದು. ಉದ್ದದ ಹೋಸ್ ಹಾಕಿಸಿದಲ್ಲಿ ಅದರ ಬೋಲ್ಟಿನ ಎರಡೂ ಬದಿಯ ವಾಷರ್‌ಗಳನ್ನು ಹೊಸದಾಗಿ ಹಾಕಿ, ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ ಬ್ರೇಕ್ ಆಯಿಲನ್ನೇ ತುಂಬಿಸಿ, ಗಾಳಿಯನ್ನು ಸಂಪೂರ್ಣವಾಗಿ ಹೊರತೆಗೆಯಬೇಕು. ಹೊಸ ಮಾದರಿಗಳಿಗೆ ದಿನಾಂಕ 1-4-2018ರಿಂದಲೂ ಅದಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ದಿನಾಂಕ 1-4-2019ರಿಂದಲೂ 125 ಸಿ.ಸಿ.ಗಿಂತ ಹೆಚ್ಚಿನ ಸಾಮರ್ಥ್ಯದ ದ್ವಿಚಕ್ರ ವಾಹನಗಳಲ್ಲಿ ಎ.ಬಿ.ಎಸ್. ಕಡ್ಡಾಯವಾಗಿದ್ದು, ಇಂತಹ ವಾಹನಗಳಲ್ಲಿ ಬ್ರೇಕ್ ಕೊಳವೆಗಳನ್ನು ಬಿಚ್ಚುವ ಕೆಲಸವನ್ನು ರಸ್ತೆ ಬದಿಯಲ್ಲಿ ಮಾಡಿಸದೆ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಮಾಡಿಸುವುದು ಒಳ್ಳೆಯದು.

ಪೈಪಿನ ವ್ಯಾಸವೂ ಗಮನಿಸಬೇಕಾದ ಅಂಶ. ಹಿಡಿ ಮತ್ತು ಸ್ವಿಚ್ಚುಗಳು ಕೂರುವ ಭಾಗವು ಹಲವು ವಾಹನಗಳಲ್ಲಿ 22 ಮಿ.ಮೀ. ಇದ್ದರೆ, ದೊಡ್ಡ ಕ್ರೂಸರ್‌ಗಳಲ್ಲಿ 25.4 ಮಿ.ಮೀ., ಅಂದರೆ ಒಂದು ಅಂಗುಲ ಇರುವುದುಂಟು. ಒಂದರ ಸ್ವಿಚ್ ಇನ್ನೊಂದಕ್ಕೆ ಹೊಂದುವುದಿಲ್ಲ. ತಗಡು ಸುತ್ತಿ ಹೊಂದಿಸಿದ ಹ್ಯಾಂಡಲ್ ಹಿಡಿಕೆಯೊಳಗೆ ಜಾರುತ್ತದೆ. ಸ್ವಿಚ್ ತಿರುಗದಂತೆ ತಡೆಯುವ ಸಣ್ಣ ಮೊಳೆಗೆ ಮೂಲ ಪೈಪಿನಲ್ಲಿ ರಂಧ್ರವಿದ್ದು, ಹೊರಗಿನಿಂದ ತಂದ ಪೈಪಿನಲ್ಲಿ ಅದು ಇಲ್ಲದಿರಬಹುದು. ಆಗ ಮೊಳೆಯನ್ನೇ ಉಜ್ಜಿ ತೆಗೆಯುವ ರೂಢಿಯಿದೆ. ಹೀಗೆ ಮಾಡಿದಲ್ಲಿ ಆಕ್ಸಿಲರೇಟರ್ ಹಿಡಿಯೊಂದಿಗೆ ಸ್ವಿಚ್ಚಿನ ಪೆಟ್ಟಿಗೆಯೂ ತಿರುಗಿ, ಕೇಬಲ್ ಸಿಕ್ಕಿಹಾಕಿಕೊಳ್ಳುವ ಸಂಭವವಿರುತ್ತದೆ.

ತಗ್ಗಾದ, ನೇರವಾದ ಹ್ಯಾಂಡಲ್‌ಬಾರಿನಲ್ಲಿ ತೊಂದರೆ ಬೇರೆ. ಪೂರ್ತಿ ತಿರುಗಿಸಿದಾಗ ಸ್ವಿಚ್ ಅಥವಾ ಲಿವರ್ ಪೆಟ್ರೋಲ್ ಟ್ಯಾಂಕಿಗೆ ತಾಗುತ್ತದೆ, ಸವಾರನ ಹೆಬ್ಬೆರಳು ನಡುವೆ ಸಿಲುಕುತ್ತದೆ. ಹ್ಯಾಂಡಲ್ ಲಾಕ್ ಮೊದಲಿನಂತೆ ಬೀಳುತ್ತಿದೆಯೇ, ಎರಡೂ ಕನ್ನಡಿಗಳಲ್ಲಿ ಭುಜದ ಬದಲು ಹಿಂದಿನ ರಸ್ತೆ ಕಾಣುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ನೋವಿನ ಕಾರಣಕ್ಕಾಗಿ ಬದಲಾವಣೆ ಬಯಸುವವರು ಮೊದಲು ಇರುವ ಹ್ಯಾಂಡಲ್‌ಬಾರನ್ನೇ ಸಡಿಲಿಸಿ, ಸ್ವಲ್ಪ ಹಿಂದಕ್ಕೆ ಹೊರಳಿಸಿ, ಲಿವರ್‌ಗಳ ಕೋನವನ್ನು ಸರಿಪಡಿಸಿ ಕೆಲವು ದಿನ ಓಡಿಸಿ ನೋಡುವುದು ಮೇಲು. ಅನೇಕ ವೇಳೆ ಇಷ್ಟರಿಂದಲೇ ಪರಿಹಾರ ದೊರೆಯುತ್ತದೆ ಹಾಗೂ ಇದಕ್ಕೆ ಯಾವ ಅನುಮತಿಯೂ ಬೇಕಾಗಿಲ್ಲ.

ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ

ಬದಲಾವಣೆಯು ಮಾರ್ಪಾಡಿನ ವ್ಯಾಪ್ತಿಗೆ ಬರುವುದೇ ಎಂಬ ಸಂದೇಹವಿದ್ದಲ್ಲಿ, ಭಾಗವನ್ನು ಖರೀದಿಸುವ ಮೊದಲೇ ತಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಮನವಿಯೊಂದಿಗೆ ಆರ್.ಸಿ.ಯ ಪ್ರತಿ, ಚಾಲ್ತಿಯಲ್ಲಿರುವ ವಿಮಾ ಪ್ರಮಾಣ ಪತ್ರದ ಪ್ರತಿ ಹಾಗೂ ಸದರಿ ಭಾಗವು ಅದೇ ಮಾದರಿಗೆ ಸೇರಿದ್ದೆಂದು ತೋರಿಸುವ ತಯಾರಕರ ದಾಖಲೆಯನ್ನು ಲಗತ್ತಿಸಬೇಕು. ಮೌಖಿಕವಾಗಿ ಪಡೆದ ಉತ್ತರವು ಮುಂದೆ ಬೇರೆ ಅಧಿಕಾರಿಯ ತಪಾಸಣೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಅನುಮೋದನೆಯಿಲ್ಲದೆ ಮಾರ್ಪಾಡು ಮಾಡಲಾದ ಪ್ರಕರಣಗಳಲ್ಲಿ ಮಾಲೀಕರು 14 ದಿನಗಳೊಳಗಾಗಿ ತಾವು ವಾಸಿಸುವ ವ್ಯಾಪ್ತಿಯ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಆರ್.ಸಿ. ಮತ್ತು ನಿಗದಿತ ಶುಲ್ಕ ಸಲ್ಲಿಸತಕ್ಕದ್ದೆಂದು ಕಲಂ 52 ವಿಧಿಸುತ್ತದೆ. ವರದಿ ಮಾಡಿದ ಮಾತ್ರಕ್ಕೆ ನಿಷಿದ್ಧ ಮಾರ್ಪಾಡು ಸಕ್ರಮವಾಗುವುದಿಲ್ಲ. ಬಾಡಿಗೆ ಖರೀದಿ ಕರಾರಿನಡಿ ಇರುವ ವಾಹನವಾದಲ್ಲಿ ನೋಂದಾಯಿತ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮಾರ್ಪಾಡು ಮಾಡುವಂತಿಲ್ಲ.

ಅಂಗವಿಕಲತೆಯುಳ್ಳ ವ್ಯಕ್ತಿಗಳ ಬಳಕೆಗಾಗಿ ವಾಹನವನ್ನು ಹೊಂದಿಸಿಕೊಳ್ಳುವುದಕ್ಕೆ ಕಾಯ್ದೆಯಲ್ಲಿಯೇ ಪ್ರತ್ಯೇಕ ಅವಕಾಶವಿದೆ. ಒಂದು ಕೈಯಲ್ಲಿ ಬಲವಿಲ್ಲದವರು ನಿಯಂತ್ರಣಗಳ ಸ್ಥಾನ ಬದಲಿಸಿಕೊಳ್ಳಬೇಕಾದಲ್ಲಿ, ಅದನ್ನು ಸಾಮಾನ್ಯ ಮಾರ್ಪಾಡೆಂದು ಗ್ಯಾರೇಜಿನಲ್ಲಿ ಸದ್ದಿಲ್ಲದೆ ಮಾಡಿಸಿಕೊಳ್ಳದೆ, ಈ ಅವಕಾಶದಡಿಯಲ್ಲಿಯೇ ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯಬೇಕು. ಚಾಲನಾ ಅನುಜ್ಞಾ ಪತ್ರದಲ್ಲಿಯೂ ಅದಕ್ಕೆ ಸಂಬಂಧಿಸಿದ ವರ್ಗವಿರುತ್ತದೆ.

ವಿಮೆ, ಮರುನೋಂದಣಿ ಮತ್ತು ಹಳೆಯ ಹ್ಯಾಂಡಲ್‌ಬಾರ್

ಅಳವಡಿಸಿದ ಭಾಗದ ವಿವರವನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳುವಂತೆ ಕೋರಬೇಕು. ತಿಳಿಸದಿದ್ದಲ್ಲಿ ಸ್ವಂತ ವಾಹನದ ಹಾನಿಯ ಪರಿಹಾರ ಕೋರುವಾಗ ತಕರಾರು ಏಳಬಹುದು. ಕೇಬಲ್, ವೈರಿಂಗ್ ಮುಂತಾದ ಬಾಧಿತ ಭಾಗಗಳಿಗೆ ತಯಾರಕರು ವಾರಂಟಿ ನಿರಾಕರಿಸುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸ್ವಂತ ಬಳಕೆಯ ಮೋಟಾರು ಸೈಕಲ್ಲಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಂತರ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಹಳೆಯ ವಾಹನಗಳ ಮಾಲೀಕರು ತೊಂದರೆಗೊಳಗಾಗುವುದು ಹೆಚ್ಚಾಗಿ ಈ ಹಂತದಲ್ಲಿ. ವರ್ಷಗಳ ಹಿಂದೆ ಬದಲಾಯಿಸಿದ ಹ್ಯಾಂಡಲ್‌ಬಾರನ್ನು ತೆಗೆದು ಮೂಲದ್ದನ್ನು ಹಾಕಿಕೊಂಡು ಬರುವಂತೆ ಸೂಚಿಸಿದಾಗ, ಮೂಲದ್ದು ಗುಜರಿಗೆ ಹೋಗಿದ್ದು, ಆ ಮಾದರಿಯ ತಯಾರಿಕೆಯೂ ನಿಂತುಹೋಗಿರುತ್ತದೆ. ಆದ್ದರಿಂದ ತೆಗೆದಿಟ್ಟ ಹ್ಯಾಂಡಲ್‌ಬಾರ್, ಅದರ ಕೇಬಲ್‌ಗಳು, ಬ್ರೇಕ್ ಹೋಸ್ ಹಾಗೂ ಕ್ಲಾಂಪುಗಳನ್ನು ಒಟ್ಟಾಗಿ ಕಟ್ಟಿ, ವಾಹನದ ಸಂಖ್ಯೆ ಬರೆದು ಇಟ್ಟುಕೊಳ್ಳುವುದು ಅವಶ್ಯಕ. ವಾಹನವನ್ನು ಮಾರಾಟ ಮಾಡುವಾಗ ಇವುಗಳನ್ನು ಖರೀದಿದಾರರಿಗೆ ಹಸ್ತಾಂತರಿಸತಕ್ಕದ್ದು.