ಎರವಲು ಬಂದ ಪ್ರಾಧ್ಯಾಪಕರು

ನೆಲದ ಆಳದಲ್ಲಿ ಯಾರೋ ಗುಟ್ಟಾಗಿ ಒಂದು ಅಣುಬಾಂಬನ್ನು ಸಿಡಿಸಿದರೆ ಸಾವಿರಾರು ಮೈಲಿ ಆಚೆಯ ಇನ್ನೊಂದು ದೇಶಕ್ಕೆ ಅದು ತಿಳಿಯುವುದು ಹೇಗೆ? ಕೇಳಲು ಇದು ಭೌತಶಾಸ್ತ್ರದ ಪರೀಕ್ಷೆಯ ಪ್ರಶ್ನೆಯಂತಿದೆ. ಆದರೆ ೧೯೫೮ರಲ್ಲಿ ಅಣುಪರೀಕ್ಷೆಗಳನ್ನು ನಿಲ್ಲಿಸುವ ಮಾತುಕತೆ ಈ ಒಂದು ಪ್ರಶ್ನೆಗೆ ತಗುಲಿಕೊಂಡು ನಿಂತಿತ್ತು. ಉತ್ತರಕ್ಕಾಗಿ ಸರ್ಕಾರಗಳು ಮೊದಲು ಕರೆದದ್ದು ವಿಜ್ಞಾನಿಗಳನ್ನು.

ಪರೀಕ್ಷೆಗಳು ನಿಲ್ಲಲಿ ಎಂದು ನಮ್ಮ ನೆಹರೂ ಅವರು ೧೯೫೪ರ ಏಪ್ರಿಲ್‌ನಲ್ಲೇ ಲೋಕಸಭೆಯಲ್ಲಿ ಹೇಳಿದ್ದರು. ನಿಂತವೆಂದು ನಂಬುವುದು ಹೇಗೆ ಎಂಬಲ್ಲಿ ದೊಡ್ಡ ರಾಷ್ಟ್ರಗಳಿಗೆ ತೊಡಕು. ಅದನ್ನು ಬಿಡಿಸಲೆಂದು ೧೯೫೮ರ ಜುಲೈ ೧ರಂದು ಜಿನೀವಾದಲ್ಲಿ ಎಂಟು ದೇಶಗಳ ತಜ್ಞರು ಕಲೆತರು. ಅಮೆರಿಕದ ತಂಡಕ್ಕೆ ಬೆಲ್ ಪ್ರಯೋಗಾಲಯದ ಜೇಮ್ಸ್ ಫಿಸ್ಕ್ ಮುಂದಾಳು. ಜೊತೆಗೆ ಕ್ಯಾಲ್‌ಟೆಕ್‌ನ ರಾಬರ್ಟ್ ಬ್ಯಾಕರ್, ಬರ್ಕ್ಲಿಯ ಅರ್ನೆಸ್ಟ್ ಲಾರೆನ್ಸ್. ರಷ್ಯದ ಕಡೆ ಫೆದೊರೊವ್, ಅದೇ ವರ್ಷ ನೊಬೆಲ್ ಬಹುಮಾನ ಪಡೆಯಲಿದ್ದ ಇಗೋರ್ ತಾಮ್. ರಾಜಕೀಯ ನಿಮಗೆ ಬೇಡ, ಶಾಸ್ತ್ರವನ್ನಷ್ಟೇ ಹೇಳಿ ಎಂಬುದು ಅಮೆರಿಕದ ಧೋರಣೆ. ರಷ್ಯದವರು ತಮ್ಮ ತಜ್ಞರ ಮಗ್ಗುಲಲ್ಲಿ ತ್ಸರಾಪ್ಕಿನ್ ಎಂಬ ಪಳಗಿದ ರಾಯಭಾರಿಯನ್ನು ಕೂರಿಸಿದ್ದರು. ಇಬ್ಬರಲ್ಲಿ ಜಾಣರು ಯಾರೆಂದು ನೀವೇ ಊಹಿಸಿಕೊಳ್ಳಿ.

ಲಾರೆನ್ಸರಿಗೆ ಮೊದಲೇ ಮೈ ಸರಿಯಿರಲಿಲ್ಲ. ಅಧ್ಯಕ್ಷರ ಕರೆಯೆಂದು ಹೋದರು. ಅಲ್ಲಿ ಕಾಯಿಲೆ ಉಲ್ಬಣಿಸಿ ಸ್ವದೇಶಕ್ಕೆ ಮರಳಿದವರು ಆಗಸ್ಟ್ ೨೭ರಂದು ತೀರಿಕೊಂಡರು.

ಅದಕ್ಕೆ ಆರು ದಿನ ಮೊದಲು ಸಮ್ಮೇಳನ ಮುಗಿದಿತ್ತು, ಅದೂ ಒಮ್ಮತದಿಂದ. ನೆಲದ ಮೇಲೆ ೧೬೦ರಿಂದ ೧೭೦ ಕಾವಲು ಠಾಣೆಗಳು, ಸಮುದ್ರದಲ್ಲಿ ೧೦ ಹಡಗುಗಳು ಇದ್ದರೆ, ೫ ಕಿಲೋಟನ್, ಎಂದರೆ ಐದು ಸಾವಿರ ಟನ್ ಸಿಡಿಮದ್ದಿನಷ್ಟು, ಬಲದ ಸ್ಫೋಟಗಳನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ಲೆಕ್ಕ. ಸಂದೇಹ ಬಂದ ಕಡೆ ಹೋಗಿ ನೋಡಬೇಕು. ಮಾರನೆಯ ದಿನವೇ ಐಸೆನ್‌ಹೋವರ್ ಒಪ್ಪಂದದ ಮಾತುಕತೆಗೆ ಸಿದ್ಧವೆಂದು ಸಾರಿದರು.

ಆದರೆ ಪೂರ್ತಿ ನೆಲದೊಳಗೆ ನಡೆದ ಸ್ಫೋಟದ ಬಗ್ಗೆ ಅವರ ಮುಂದಿದ್ದ ಮುಖ್ಯ ಆಧಾರ ಒಂದೇ: ೧೯೫೭ರ ಸೆಪ್ಟೆಂಬರ್‌ನಲ್ಲಿ ನೆವಾಡದಲ್ಲಿ ಸಿಡಿದ ೧.೭ ಕಿಲೋಟನ್‌ನ ‘ರೇನಿಯರ್’. ಆ ವರ್ಷದ ಶರತ್ಕಾಲದಲ್ಲಿ ಇನ್ನಷ್ಟು ಸ್ಫೋಟಗಳನ್ನು ಅಳೆದಾಗ, ಮೊದಲಿನ ಅಂದಾಜು ತೀರ ಉದಾರವಾಗಿತ್ತೆಂದು ಅಮೆರಿಕದವರಿಗೆ ಕಂಡಿತು. ೧೯೫೯ರ ಜನವರಿಯಲ್ಲಿ ಇದನ್ನು ಜಿನೀವಾದ ಮೇಜಿನ ಮೇಲೆ ಇಟ್ಟರು. ಆಗ ಅಲ್ಲಿ ಕುಳಿತಿದ್ದವರು ರಾಯಭಾರಿಗಳು. ಹೊಸ ಅಳತೆ ಬಂದರೆ ಹಳೆಯ ಸಂಖ್ಯೆಯನ್ನು ತಿದ್ದುವುದು ವಿಜ್ಞಾನಿಗೆ ದಿನದ ಕೆಲಸ. ರಾಯಭಾರಿಗೆ ಒಮ್ಮೆ ಒಪ್ಪಿದ ಸಂಖ್ಯೆ ಕೊಟ್ಟ ಮಾತಿಗೆ ಸಮ. ಆಡಿದ ಮಾತಿಗೆ ತಪ್ಪುತ್ತಿದ್ದಾರೆಂದು ರಷ್ಯದವರು ಸಿಡಿದೆದ್ದರು.

ಇದಕ್ಕಿಂತ ಇಕ್ಕಟ್ಟಿನ ಪಾಲು ಕಾರ್ನೆಲ್‌ನ ಹಾನ್ಸ್ ಬೆಥೆ ಅವರಿಗೆ ಬಂತು. ಪರೀಕ್ಷೆಗಳು ನಿಲ್ಲಬೇಕೆಂದು ಮನಸಾರೆ ಬಯಸಿದವರು ಅವರು. ಆಳದಲ್ಲಿ ಭಾರಿ ಗವಿ ಕೊರೆದು ಅದರ ನಡುವೆ ಬಾಂಬು ಸಿಡಿಸಿದರೆ ಕಂಪನ ಬಹಳ ಮಟ್ಟಿಗೆ ಅಡಗುತ್ತದೆ ಎಂದು ಆಲ್ಬರ್ಟ್ ಲ್ಯಾಟರ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದರು. ಬೆಥೆ ಪರಿಶೀಲಿಸಿದರು, ಲೆಕ್ಕ ಸರಿಯಿತ್ತು. ೧೯೫೯ರ ನವೆಂಬರ್‌ನಲ್ಲಿ ಅದನ್ನು ರಷ್ಯದವರಿಗೆ ವಿವರಿಸುವ ಕೆಲಸವೂ ಅವರದೇ ಆಯಿತು. ನೀವು ಹೀಗೂ ಮೋಸ ಮಾಡೀರಿ ಎಂದು ಎದುರಿಗಿದ್ದವರಿಗೇ ಹೇಳಿದಂತಾಗಿ ತಮಗೆ ಬಹಳ ಮುಜುಗರವಾಯಿತೆಂದು ಮರುವರ್ಷ ಬರೆದರು. ತಮ್ಮ ಬಯಕೆಗೆ ಕುತ್ತು ತರುವ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ಅದೇ. ೧೯೬೬ರ ಡಿಸೆಂಬರ್‌ನಲ್ಲಿ ಮಿಸಿಸಿಪಿಯ ಉಪ್ಪಿನ ಪದರದೊಳಗೆ ಪ್ರಯೋಗ ಮಾಡಿ ನೋಡಿದಾಗಲೂ ಕಂಪನ ಅಡಗಿದ್ದು ನಿಜವಾಯಿತು.

ಮುಂದೆ ಮಾತು ಸ್ಥಳ ತನಿಖೆಯ ಲೆಕ್ಕಕ್ಕೆ ಇಳಿಯಿತು: ವರ್ಷಕ್ಕೆ ಮೂರೆಂದು ರಷ್ಯ, ಏಳೆಂದು ಅಮೆರಿಕ. ಕೂಡಿ ಬರಲಿಲ್ಲ. ೧೯೬೩ರ ಆಗಸ್ಟ್ ೫ರಂದು ಮಾಸ್ಕೋದಲ್ಲಿ ಸಹಿಯಾದ ಒಪ್ಪಂದ ಗಾಳಿ, ನೀರು, ಅಂತರಿಕ್ಷಗಳಲ್ಲಿ ಪರೀಕ್ಷೆಯನ್ನು ನಿಷೇಧಿಸಿತು. ನೆಲದೊಳಗಿನದನ್ನು ಕೈಬಿಟ್ಟಿತು.

ಜಿನೀವಾದ ಆ ಚರ್ಚೆಯಿಂದ ಎಚ್ಚೆತ್ತ ಬ್ರಿಟನ್ನಿನವರು, ದೂರದ ಕಂಪನವನ್ನು ಹಿಡಿಯಲು ಮಾಪಕಗಳನ್ನು ಸಾಲಾಗಿ ಹೂಡುವ ಕ್ರಮವನ್ನು ಬೆಳೆಸಿದರು. ಅಂಥದೊಂದು ಸಾಲು ಅವರ ಮತ್ತು ನಮ್ಮ ಅಣುಶಕ್ತಿ ಸಂಸ್ಥೆಗಳ ಸಹಕಾರದಿಂದ ೧೯೬೫ರಲ್ಲಿ ಬೆಂಗಳೂರಿಗೆ ಉತ್ತರದ ಗೌರಿಬಿದನೂರಿನಲ್ಲಿ ನೆಲೆಗೊಂಡಿತು. ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ತೋಳು, ಒಟ್ಟು ೨೦ ಮಾಪಕಗಳು. ಬಂದ ನಡುಕ ಭೂಕಂಪದ್ದೋ ಬಾಂಬಿನದ್ದೋ ಎಂದು ಬೇರ್ಪಡಿಸುವುದು ಅವುಗಳಿಗೆ ವಹಿಸಿದ ಕೆಲಸ.