ಸೇವಂತಿಗೆ ತೋಟದ ಬಲ್ಬು: ಕೋಲಾರ ಸೀಮೆಯಲ್ಲಿ ಗಿಡಕ್ಕೂ ಹುಳುವಿಗೂ ಹಚ್ಚಿದ ದೀಪದ ಚರಿತ್ರೆ

ವಿದ್ಯುತ್ ದೀಪದ ಚರಿತ್ರೆ ಬರೆದವರೆಲ್ಲ ಹೆಚ್ಚಾಗಿ ಮನುಷ್ಯರ ಕಣ್ಣಿಗೆ ಹಚ್ಚಿದ ದೀಪವನ್ನೇ ಬರೆದಿದ್ದಾರೆ. ಬೀದಿಗೆ ಯಾವಾಗ ಬಂತು, ಅರಮನೆಗೆ ಯಾವಾಗ ಬಂತು, ಶಾಲೆಯ ಹುಡುಗರ ಓದಿಗೆ ಯಾವಾಗ ಒದಗಿತು ಎಂಬ ಲೆಕ್ಕ ಸಿಗುತ್ತದೆ. ಗಿಡಕ್ಕೆ, ರೇಷ್ಮೆ ಹುಳುವಿಗೆ, ಕೋಳಿಮರಿಗೆ, ಗಾಜಿನ ತೊಟ್ಟಿಯ ಹವಳಕ್ಕೆ ಹಚ್ಚಿದ ದೀಪದ ಲೆಕ್ಕ ಇಟ್ಟವರು ಕಡಿಮೆ. ಕಳೆದ ಕೆಲವು ವರ್ಷಗಳಿಂದ ಕೋಲಾರ, ಮಾಲೂರು ಕಡೆಯ ಸೇವಂತಿಗೆ ತೋಟಗಳಲ್ಲಿ ರೈತರೇ ತಂತಿ ಎಳೆದು ಸಾಲುಸಾಲಾಗಿ ಎಲ್‌ಇಡಿ ಬಲ್ಬು ತೂಗುಹಾಕುತ್ತಿದ್ದಾರೆ. ಕತ್ತಲನ್ನು ತುಂಡರಿಸಿದರೆ ಸೇವಂತಿಗೆ ಮೊಗ್ಗು ಬಿಡುವುದನ್ನು ಮುಂದೂಡುತ್ತದೆ ಎಂಬ ತಿಳಿವಳಿಕೆ ಹಳೆಯದು. ಈ ಜಿಲ್ಲೆಗೆ ವಿದ್ಯುತ್ ಬಂದದ್ದು ಅದಕ್ಕಿಂತಲೂ ಹಿಂದೆ. ಹಾಗಿದ್ದೂ ಎರಡೂ ಒಂದೇ ಹೊಲದಲ್ಲಿ ಕೂಡಲು ಇಷ್ಟು ಕಾಲ ಏಕೆ ಬೇಕಾಯಿತು? ಉತ್ತರವನ್ನು ಸಸ್ಯಶಾಸ್ತ್ರಕ್ಕಿಂತ ವ್ಯಾಟ್ ಮತ್ತು ಆಂಪಿಯರ್‌ಗಳಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ಹಾದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಯೋಜನೆಗೆ ಬೆನ್ನುಕೊಟ್ಟ ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ದೊಡ್ಡ ಊರಿಗೆ ಆಮೇಲೆ, ಸುತ್ತಲ ಹಳ್ಳಿಗೆ ಇನ್ನೆಷ್ಟೋ ವರ್ಷದ ಮೇಲೆ: ಇದು ಆ ಸಾಲಿನ ಕ್ರಮ. ಹಳ್ಳಿಗೆ ಬಂದಾಗಲೂ ಅದು ಮುಖ್ಯವಾಗಿ ಬಾವಿಯ ಪಂಪಿಗಾಗಿ ಬಂತು. ಕೋಲಾರದ ರೈತನ ಕಣ್ಣಿನಲ್ಲಿ ಕರೆಂಟೆಂದರೆ ನೀರು; ದೀಪ ಅದರ ಜೊತೆಗೆ ಸಿಕ್ಕ ಕೊಸರು.

ಆದರೆ ಬೆಳಕು ಕತ್ತಲೆಗಳನ್ನು ಹಿಡಿದು ಒಂದು ಜೀವಿಯ ಸಮಯವನ್ನು ತಿದ್ದಬಹುದು ಎಂಬುದು ಇಲ್ಲಿನ ರೇಷ್ಮೆ ಮನೆಗಳಿಗೆ ಹೊಸತಲ್ಲ. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಾಣುವ ಹಂತಕ್ಕೆ ಬಂದಾಗ, ಅಂದರೆ ಒಡೆಯಲು ಎರಡು ದಿನ ಇರುವಾಗ, ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಇಡುತ್ತಾರೆ. ಮುಂದೆ ಹೋದ ಭ್ರೂಣಗಳು ಕತ್ತಲಲ್ಲಿ ತಡೆದು ನಿಲ್ಲುತ್ತವೆ, ಹಿಂದೆ ಬಿದ್ದವು ಬಂದು ಕೂಡಿಕೊಳ್ಳುತ್ತವೆ. ಮೂರನೆಯ ಬೆಳಗ್ಗೆ ಬೆಳಕಿಗೆ ಒಡ್ಡಿದರೆ ಬಹುಪಾಲು ಮೊಟ್ಟೆ ಒಟ್ಟಿಗೇ ಒಡೆಯುತ್ತವೆ. ಒಂದೇ ವಯಸ್ಸಿನ ಹುಳು ಇದ್ದರೆ ಚಾಕಿಯೂ (ಎಳೆ ಹುಳುವಿನ ಸಾಕಣೆ) ಸುಲಭ, ಜ್ವರವೂ (ಪೊರೆ ಬಿಡುವ ಹಂತ) ಒಂದೇ ದಿನ. ಜಪಾನಿನ ವಿಜ್ಞಾನಿ ಕೊಗುರೆ 1933ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ: ದ್ವಿತಳಿ ಮೊಟ್ಟೆಗೆ ಕಾವು ಕೊಡುವಾಗಿನ ಬೆಳಕು ಮತ್ತು ಉಷ್ಣತೆ, ಮುಂದೆ ಆ ಹುಳು ಚಿಟ್ಟೆಯಾಗಿ ಇಡುವ ಮೊಟ್ಟೆ ತಕ್ಷಣ ಒಡೆಯಬೇಕೋ ನಿದ್ದೆಗೆ ಜಾರಬೇಕೋ ಎಂಬುದನ್ನು ನಿರ್ಧರಿಸುತ್ತವೆ ಎಂದು ತೋರಿಸಿದ. ಚಾಕಿ ಕೇಂದ್ರದಲ್ಲಿ ಕಪ್ಪು ಕಾಗದ ಬಿಚ್ಚಿದ ಕೈಗಳಿಗೆ ಸೇವಂತಿಗೆಯ ಬಲ್ಬು ಪವಾಡವಾಗಿ ಕಂಡಿರಲಾರದು ಎಂದು ನನ್ನ ಊಹೆ.

ಗಿಡದ ಕಡೆಯ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. ಅಲ್ಲಿನ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1918ರಲ್ಲಿ ತಂಬಾಕು, ಸೋಯಾ ಗಿಡಗಳ ಕುಂಡಗಳನ್ನು ಹಗಲಿನಲ್ಲೇ ಕತ್ತಲೆ ಕೋಣೆಗೆ ತಳ್ಳಿ, ಹೂಬಿಡುವುದನ್ನು ಹಗಲಿನ ಉದ್ದ ನಿಯಂತ್ರಿಸುತ್ತದೆ ಎಂದು ಕಂಡುಕೊಂಡು 1920ರಲ್ಲಿ ಪ್ರಕಟಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇದನ್ನು ತಿರುವಿಹಾಕಿದರು: ಗಿಡ ಎಣಿಸುವುದು ಕತ್ತಲನ್ನು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಆ ಎಣಿಕೆ ತಪ್ಪುತ್ತದೆ. 1952ರಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ತಂಡ ಸುಮಾರು 660 ನ್ಯಾನೊಮೀಟರಿನ ಕೆಂಪು ಬೆಳಕು ಕೊಟ್ಟ ಆಜ್ಞೆಯನ್ನು 730ರ ಕಡುಗೆಂಪು ಬೆಳಕು ರದ್ದುಮಾಡುತ್ತದೆ ಎಂದು ತೋರಿಸಿತು. ಆ ಆಜ್ಞೆ ಪಡೆಯುವ ವರ್ಣದ್ರವ್ಯ, ಫೈಟೊಕ್ರೋಮ್, 1959ರಲ್ಲಿ ಪತ್ತೆಯಾಯಿತು.

ಸೇವಂತಿಗೆ ಉದ್ದ ರಾತ್ರಿಯಲ್ಲಿ ಹೂಬಿಡುವ ಗಿಡ. ತಳಿಯಿಂದ ತಳಿಗೆ ವ್ಯತ್ಯಾಸವಿದ್ದರೂ, ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಕಟ್ಟುವ ಕೆಲಸ ಆರಂಭಿಸುತ್ತದೆ. ಕೋಲಾರ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ತುಂಬುವುದಿಲ್ಲ. ಡಿಸೆಂಬರ್‌ನಲ್ಲಿ ಅದು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಹೀಗಾಗಿ ಚಳಿಗಾಲಕ್ಕೆ ನೆಟ್ಟ ಸಸಿ ಗೇಣುದ್ದ ಏಳುವ ಮೊದಲೇ ಮೊಗ್ಗಾಗುತ್ತದೆ. ಕವಲೂ ಇಲ್ಲ, ತೂಕವೂ ಇಲ್ಲ. ನೆಟ್ಟ ಮೇಲಿನ ನಾಲ್ಕಾರು ವಾರ ರಾತ್ರಿ ಕೆಲವು ಗಂಟೆ ದೀಪ ಉರಿಸಿದರೆ ಗಿಡ ರಾತ್ರಿ ಚಿಕ್ಕದೆಂದು ನಂಬಿ ಬೆಳೆಯುತ್ತದೆ. ದೀಪ ಆರಿಸಿದ ಮೇಲೆ ಮೊಗ್ಗಿಗೆ ತಿರುಗುತ್ತದೆ. ದೀಪ ಆರಿಸುವ ದಿನವನ್ನು ಹಿಂದೆಮುಂದೆ ಮಾಡಿ ಹೂವನ್ನು ಹಬ್ಬಕ್ಕೋ ಮದುವೆಯ ತಿಂಗಳಿಗೋ ತರಬಹುದು.

ಇನ್ನು ವ್ಯಾಟಿನ ಲೆಕ್ಕ. ಎಂಟು ಹತ್ತು ಅಡಿಗೊಂದು ಬಲ್ಬು ಎಂದರೆ, ಹತ್ತು ಅಡಿ ಅಂತರದಲ್ಲೂ ಒಂದು ಎಕರೆಗೆ ಸುಮಾರು 435 ಬೇಕು. ಹಳೆಯ 60 ವ್ಯಾಟಿನ ತಂತಿ ಬಲ್ಬಾದರೆ ಒಟ್ಟು 26 ಕಿಲೋವ್ಯಾಟ್. ಹಗಲಿನ ತ್ರೀಫೇಸ್ ಪಂಪಿಗೆ, ರಾತ್ರಿಯ ಸಿಂಗಲ್ ಫೇಸ್ ತೋಟದ ಮನೆಯ ದೀಪಕ್ಕೆ ಎಂಬ ಪದ್ಧತಿಯಲ್ಲಿ, ಆ ಸಿಂಗಲ್ ಫೇಸಿನ ಮೇಲೆ ಇದು 110 ಆಂಪಿಯರ್ ದಾಟುತ್ತದೆ. ಟ್ರಾನ್ಸ್‌ಫಾರ್ಮರ್ ಸುಡದೆ ಉಳಿದರೆ ಆಶ್ಚರ್ಯ. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿದರೆ 4 ಕಿಲೋವ್ಯಾಟಿಗೂ ಕಡಿಮೆ, ಸುಮಾರು 17 ಆಂಪಿಯರ್. ನಾಲ್ಕು ಗಂಟೆಗೆ ಹದಿನಾರು ಯೂನಿಟ್ ಒಳಗೇ ಮುಗಿಯುತ್ತದೆ.

ಈ ವಾದಕ್ಕೆ ಒಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದೇ. ಕ್ಯಾಥಿ ಮತ್ತು ಬೋರ್ಥ್‌ವಿಕ್ 1961ರಲ್ಲಿ ಸೇವಂತಿಗೆಗೆ ದೀಪ ಎಡೆಬಿಡದೆ ಉರಿಯಬೇಕಿಲ್ಲ, ಬಿಟ್ಟುಬಿಟ್ಟು ಕೊಟ್ಟರೂ ಸಾಕು ಎಂದು ತೋರಿಸಿದ್ದರು. ಅರ್ಧ ಗಂಟೆಯಲ್ಲಿ ಆರು ನಿಮಿಷದಂತೆ ಹೊಲವನ್ನು ಐದು ಪಾಲು ಮಾಡಿ ಸರದಿಯಲ್ಲಿ ಉರಿಸಿದರೆ ಹಳೆಯ ಬಲ್ಬಿನಲ್ಲೂ 26 ಕಿಲೋವ್ಯಾಟ್ 5ಕ್ಕೆ ಇಳಿಯುತ್ತಿತ್ತು. ಕಾಗದದ ಮೇಲೆ ಇದು ಸರಿ. ಆದರೆ ಅದಕ್ಕೆ ತಪ್ಪದೆ ತಿರುಗುವ ಟೈಮರು, ನಡುರಾತ್ರಿ ಕೈಕೊಡದ ಕರೆಂಟು ಎರಡೂ ಬೇಕು. ಎರಡನೆಯದು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ಆದ್ದರಿಂದ ತೋಟದ ದೀಪಕ್ಕೆ ನಿಜವಾದ ತಿರುವು ಜಪಾನಿನ ನಿಚಿಯಾ ಕಂಪನಿಯಲ್ಲಿ ಬಂತು. ಶೂಜಿ ನಕಾಮುರಾ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಂದರು. ಅಕಾಸಾಕಿ, ಅಮಾನೊ ಅವರೊಂದಿಗೆ 2014ರಲ್ಲಿ ನೊಬೆಲ್ ಪಡೆದರು. ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಬಿಳಿ ಬೆಳಕು ಬರುತ್ತದೆ. ನಮ್ಮ ಮನೆಯ ಬಲ್ಬೂ ಅದೇ. ಭಾರತದಲ್ಲಿ ಸರ್ಕಾರದ ಸಗಟು ಖರೀದಿಯಲ್ಲಿ ಬಲ್ಬಿನ ದರ 2014ರ 310 ರೂಪಾಯಿಯಿಂದ 2016ರಲ್ಲಿ 38ಕ್ಕೆ ಬಿತ್ತು. ಕರ್ನಾಟಕದಲ್ಲಿ 2015ರ ಕೊನೆಗೆ ಬಂದ ‘ಹೊಸ ಬೆಳಕು’ ಯೋಜನೆಯಲ್ಲಿ ಹಂಚಿದ್ದೂ 9 ವ್ಯಾಟಿನ ಬಲ್ಬನ್ನೇ. ಯೋಜನೆ ಬರೆದವರ ಮನಸ್ಸಿನಲ್ಲಿ ಅಡುಗೆಮನೆ, ಪಡಸಾಲೆ ಇದ್ದವು. ಸೇವಂತಿಗೆ ಇರಲಿಲ್ಲ.

ಇದೇ ನೀಲಿ ಚಿಪ್ಪು ಲೇಪವಿಲ್ಲದೆ ಮನೆಯಲ್ಲೇ ಮಾಡಿಕೊಳ್ಳುವ ಇನ್ನೊಂದು ಕೈಕೆಲಸಕ್ಕೆ ಬೀಜವಾಯಿತು. ಅಮೆರಿಕ, ಯುರೋಪುಗಳಲ್ಲಿ ಹವಳದ ಅಕ್ವೇರಿಯಂ ಸಾಕುವವರು ಸುಡುವಷ್ಟು ಕಾಯುವ ಮೆಟಲ್ ಹಾಲೈಡ್ ದೀಪ ಬಿಟ್ಟು, ಅಲ್ಯೂಮಿನಿಯಂ ಹೀಟ್‌ಸಿಂಕಿನ ಮೇಲೆ 3 ವ್ಯಾಟಿನ ನೀಲಿ, ಬಿಳಿ ಎಲ್‌ಇಡಿಗಳನ್ನು ತಾವೇ ಬೆಸುಗೆ ಹಾಕಿ, ಸ್ಥಿರ ಕರೆಂಟಿನ ಡ್ರೈವರ್ ಸೇರಿಸಿ ದೀಪ ಕಟ್ಟಿಕೊಂಡರು. ಹವಳದ ಮೈಯಲ್ಲಿ ಬಾಳುವ ಸೂಕ್ಷ್ಮ ಪಾಚಿ ಅದಕ್ಕೆ ಊಟ ತಯಾರಿಸುತ್ತದೆ. ಕಡಲ ನೀರು ಕೆಂಪನ್ನು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುವುದರಿಂದ ಆ ಪಾಚಿ ನೀಲಿಗೆ ಒಗ್ಗಿದೆ. ಹೆಚ್ಚು ಬೆಳಕು ಬೇಡುವ ಕಲ್ಲುಹವಳಕ್ಕೆ ಚದರ ಮೀಟರಿಗೆ ಸೆಕೆಂಡಿಗೆ 200ರಿಂದ 400 ಮೈಕ್ರೊಮೋಲ್ ಬೆಳಕು ಬೇಕು. ಸೇವಂತಿಗೆಯ ರಾತ್ರಿಯ ದೀಪಕ್ಕೆ ಒಂದೆರಡು ಮೈಕ್ರೊಮೋಲ್ ಸಾಕು, ಅದರಲ್ಲೂ ಕೆಂಪಿನ ಪಾಲೇ ಮುಖ್ಯ. ಹವಳ ಬೆಳಕನ್ನು ಉಣ್ಣುತ್ತದೆ. ಸೇವಂತಿಗೆ ಊಟವನ್ನು ಹಗಲಿನ ಸೂರ್ಯನಿಂದ ಮುಗಿಸಿ, ರಾತ್ರಿ ಸುದ್ದಿಯನ್ನಷ್ಟೇ ಕೇಳುತ್ತದೆ. ಒಂದು ತೊಟ್ಟಿಗೆ ನೂರು ವ್ಯಾಟ್ ಸುರಿಯುವಲ್ಲಿ ನೂರು ಚದರ ಅಡಿ ಹೊಲಕ್ಕೆ ಒಂಬತ್ತು ವ್ಯಾಟ್ ಸಾಲುವುದಕ್ಕೆ ಇದೇ ಕಾರಣ. (ಹವಳದ ಹವ್ಯಾಸಕ್ಕೆ ನಮ್ಮಲ್ಲಿ ಕಾನೂನಿನ ತೊಡಕೂ ಇದೆ. ಕಲ್ಲುಹವಳಗಳು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ಕ್ಕೆ ಸೇರಿದವು. ಭಟ್ಕಳದ ಆಚೆಯ ನೇತ್ರಾಣಿಯ ಹವಳವನ್ನು ನೋಡಬಹುದೇ ಹೊರತು ತೊಟ್ಟಿಗೆ ತರುವಂತಿಲ್ಲ.)

ಫೈಟೊಕ್ರೋಮಿಗೆ ಕೆಂಪು ಬೇಕೆಂದ ಮೇಲೆ ಅಂಗಡಿಯ ತಣ್ಣನೆ ಬಿಳಿ ಬಲ್ಬಿಗಿಂತ ಹಳದಿ ಛಾಯೆಯ ಬಲ್ಬು ಮೇಲು, ಅದರಲ್ಲಿ ಕೆಂಪಿನ ಪಾಲು ಹೆಚ್ಚು. ಸಂಜೆ ಹಗಲನ್ನು ಲಂಬಿಸುವುದಕ್ಕಿಂತ ನಡುರಾತ್ರಿ ಉರಿಸಿದರೆ ಫಲ ಹೆಚ್ಚು ಎಂಬುದೂ ಹ್ಯಾಮ್ನರ್ ಕಾಲದ ತಿಳಿವಳಿಕೆಯಿಂದಲೇ ಹೊರಡುತ್ತದೆ. ಕಂಬ, ತಂತಿ, ಹೋಲ್ಡರು, ಟೇಪು ಸುತ್ತಿದ ಜಾಯಿಂಟು ಇಷ್ಟೇ ಈ ತೋಟದ ದೀಪದ ಸಾಮಾನು. ಡ್ರಿಪ್ಪಿನಿಂದ ಸದಾ ಒದ್ದೆಯಿರುವ ನೆಲದ ಮೇಲೆ ತೆರೆದ ಜಾಯಿಂಟು ಜೀವಕ್ಕೆ ಎರವು. ಬಲ್ಬಿಗೆ ಹಾಕಿದ ದುಡ್ಡಿನ ಮುಂದೆ ಸೋರಿಕೆ ಕಂಡಾಗ ಕರೆಂಟು ಕಡಿಯುವ ಆರ್‌ಸಿಸಿಬಿಯ ಬೆಲೆ ದೊಡ್ಡದಲ್ಲ.

ಶ್ರೀನಿವಾಸಪುರದ ಮಾವಿನ ತೋಪಿಗೆ ಈ ದೀಪದಿಂದ ಏನೂ ದಕ್ಕುವುದಿಲ್ಲ. ಮಾವು ಹೂಬಿಡುವುದು ಚಳಿಗೆ, ರಾತ್ರಿಯ ಉದ್ದಕ್ಕಲ್ಲ. ಅಲ್ಲಿ ಸಮಯ ತಿದ್ದಲು ಬುಡಕ್ಕೆ ಹಾಕುವ ಔಷಧಿ ಬೇರೆ. ಮುಳಬಾಗಿಲಿನ ಕಡೆಯ ಮಾವಿಗೂ ಇದೇ ಮಾತು. ಎಲ್‌ಇಡಿ ಸೋಲುವ ಇನ್ನೊಂದು ಜಾಗ ಕೋಳಿಮರಿಯ ಬ್ರೂಡರ್. ಮೊದಲ ವಾರ ಮರಿಗೆ 35 ಡಿಗ್ರಿ ಸುಮಾರಿನ ಕಾವು ಬೇಕು. ಹಳೆಯ ತಂತಿ ಬಲ್ಬು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ. ಸೇವಂತಿಗೆ ತೋಟದಲ್ಲಿ ದಂಡವಾಗುತ್ತಿದ್ದ ಆ ಶಾಖವೇ ಮರಿಗೆ ಬೇಕಾದದ್ದು.