ವಿದೇಶ ವ್ಯಾಸಂಗ: ಶಿಗ್ಗಾಂವಿ–ಸವಣೂರು ಸೀಮೆಯ ಇತಿಹಾಸ

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದು ಸ್ಥಾಪನೆಯಾದದ್ದು 2011ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಈ ಸೀಮೆಯವರು ಪದವಿಗಾಗಿ ಧಾರವಾಡಕ್ಕೋ ಪುಣೆಗೋ ಹೋಗುತ್ತಿದ್ದರು. ಕೆಲವರು ಅಲ್ಲಿಂದ ಮುಂದೆ ಕಡಲನ್ನೂ ದಾಟಿದರು. ಅವರನ್ನು ಕಳಿಸಿದವರು ಯಾರು, ಖರ್ಚು ಹೊತ್ತವರು ಯಾರು ಎಂದು ಕೇಳುತ್ತ ಹೋದರೆ ಇಲ್ಲಿನ ವಿದೇಶ ವ್ಯಾಸಂಗದ ಚರಿತ್ರೆ ತೆರೆದುಕೊಳ್ಳುತ್ತದೆ.

ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜುಕೇಶನ್ ಸೊಸೈಟಿ 1936ರಲ್ಲಿ ಅವರನ್ನು ಆಕ್ಸ್‌ಫರ್ಡಿಗೆ ಕಳಿಸಿತು. ಅಲ್ಲಿ ಪ್ರಥಮ ದರ್ಜೆ ಗಳಿಸಿ 1938ರಲ್ಲಿ ಮರಳಿದ ಗೋಕಾಕರು ಅದೇ ಸೊಸೈಟಿಯ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿಗೆ ಪ್ರಿನ್ಸಿಪಾಲರಾದರು. ಕಳಿಸಿದವರೇ ಕೆಲಸ ಕೊಟ್ಟು ಬರಮಾಡಿಕೊಳ್ಳುತ್ತಿದ್ದ ಕಾಲ ಅದು. ಕನ್ನಡಕ್ಕೂ ಇದರಿಂದ ಲಾಭವಾಯಿತು. ಕಡಲಿಲ್ಲದ ಊರಿನ ಕವಿಗೆ ಹಡಗಿನ ಪಯಣವು ‘ಸಮುದ್ರ ಗೀತೆಗಳು’ ಸಂಕಲನವನ್ನು ದಕ್ಕಿಸಿಕೊಟ್ಟಿತು; ಇಂಗ್ಲೆಂಡಿನ ಅನುಭವ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವಾಯಿತು.

ಸ್ವಾತಂತ್ರ್ಯಪೂರ್ವದಲ್ಲಿ ಹಣದ ದಾರಿಗಳು ಕಡಿಮೆಯಿದ್ದವು. ಜೆ. ಎನ್. ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿ ಉನ್ನತ ವ್ಯಾಸಂಗಕ್ಕೆ ಸಾಲರೂಪದ ನೆರವು ಕೊಡುತ್ತಿತ್ತು. ಧಾರವಾಡದಲ್ಲಿ 1883ರಲ್ಲಿ ಹುಟ್ಟಿದ ಲಿಂಗಾಯತ ಎಜುಕೇಶನ್ ಅಸೋಸಿಯೇಶನ್‌ನಂಥ ಸಮುದಾಯದ ಸಂಘಗಳು ಬಡ ವಿದ್ಯಾರ್ಥಿಗಳ ಓದಿಗೆ ಬೆಂಬಲವಾದವು. ಲಂಡನ್ನಿನಲ್ಲಿ ವೀರಶೈವ ಧರ್ಮದ ಮೇಲೆ ಪಿಎಚ್‌.ಡಿ. ಮಾಡಿದ ಎಸ್. ಸಿ. ನಂದಿಮಠರ ಇಂಗ್ಲಿಷ್ ಗ್ರಂಥವನ್ನು 1942ರಲ್ಲಿ ಪ್ರಕಟಿಸಿದ್ದೂ ಇದೇ ಸಂಘ. ಕೇಂಬ್ರಿಜ್‌ನಲ್ಲಿ ಗಣಿತ ಓದಿ, ಪ್ರಥಮ ದರ್ಜೆ ಗಳಿಸಿ ರ‍್ಯಾಂಗ್ಲರ್ ಆದ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಹಾವೇರಿಯ ಕಾಲೇಜುಗಳೂ ಆಗ ಅದರ ವ್ಯಾಪ್ತಿಯಲ್ಲೇ ಇದ್ದವು.

ಸ್ವಾತಂತ್ರ್ಯಾನಂತರ ಸ್ಪರ್ಧೆಯಲ್ಲಿ ಗೆದ್ದು ಪಡೆಯುವ ವಿದ್ಯಾರ್ಥಿವೇತನಗಳ ಯುಗ. ಅರ್ಜಿ, ಸಂದರ್ಶನ, ಶಿಫಾರಸು ಪತ್ರ ಇವೆಲ್ಲ ವಿದ್ಯಾರ್ಥಿಯ ಸ್ವಂತ ಜವಾಬ್ದಾರಿಯಾದದ್ದು ಇಲ್ಲಿಂದಲೇ. ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹೊರಡುವ ಸಿದ್ಧತೆಯ ದಿನಗಳಲ್ಲೇ, ಮಗ ಮರಳಿ ಬರುವನೋ ಇಲ್ಲವೋ ಎಂಬ ಮನೆಯವರ ಆತಂಕದ ನಡುವೆ, ‘ಯಯಾತಿ’ ರೂಪುಗೊಂಡಿತು. ತಂದೆಗಾಗಿ ಮಗ ತನ್ನ ಯೌವನವನ್ನೇ ಕೊಡುವ ಕಥೆ ಆ ಹೊತ್ತಿನಲ್ಲಿ ಅವರನ್ನು ಹಿಡಿದದ್ದು ಆಕಸ್ಮಿಕವಿರಲಾರದು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿ ಅಲ್ಲಿದ್ದುಕೊಂಡೇ ‘ಸಂಸ್ಕಾರ’ ಬರೆದರು. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು (ಚಂಪಾ) ಭಾಷಾವಿಜ್ಞಾನ ಓದಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಆಕ್ಸ್‌ಫರ್ಡಿನ ಗೋಕಾಕರು ಕನ್ನಡದ ಪರವಾಗಿ ಕೊಟ್ಟ ವರದಿ ಜಾರಿಯಾಗಲೆಂದು ಬೀದಿಗಿಳಿದವರಲ್ಲಿ ಲೀಡ್ಸ್‌ನ ಚಂಪಾ ಮುಂಚೂಣಿಯಲ್ಲಿದ್ದರು. ಹೊರಗೆ ಇಂಗ್ಲೆಂಡಿನಲ್ಲಿ ಓದಿ ಬಂದವರೇ ಒಳಗೆ ಕನ್ನಡಕ್ಕಾಗಿ ವಾದಿಸಿದ್ದನ್ನು ಈ ಸೀಮೆಯ ವಿಶೇಷವೆನ್ನಬಹುದು.

ಗೊಟಗೋಡಿಯ ಅಧ್ಯಯನ ವಿಷಯವಾದ ಜಾನಪದಕ್ಕೆ ಹೆಚ್ಚು ಹತ್ತಿರದವರು ಎ. ಕೆ. ರಾಮಾನುಜನ್. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತ ಜನಪದ ಕಥೆಗಳನ್ನು ಕೂಡಿಹಾಕಿದ ಅವರು 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. 1963ರಲ್ಲಿ ಕನ್ನಡ ವ್ಯಾಕರಣದ ಮೇಲೆ ಪಿಎಚ್‌.ಡಿ. ಪಡೆದರು. ಗೋಕಾಕರು ಮರಳಿದರು; ಇವರು ಮರಳದೆ ಶಿಕಾಗೋದಲ್ಲಿ ನೆಲೆಸಿದರು. ಜಾನಪದದಲ್ಲಿ ಹೊರಗೆ ಓದಬಯಸುವವರಿಗೆ ಇಂಡಿಯಾನಾ ಇಂದಿಗೂ ಒಂದು ವಿಳಾಸ. ಎಸ್ಟೋನಿಯಾದ ತಾರ್ತು ಇನ್ನೊಂದು. ಅರ್ಜಿಯ ಕೆಲಸ ಒಂದು ವರ್ಷ ಮೊದಲೇ ಶುರುವಾಗಬೇಕು: ಪಾಸ್‌ಪೋರ್ಟಿಗೆ ಹುಬ್ಬಳ್ಳಿ, ಹಳೆಯ ಪದವಿಯ ಟ್ರಾನ್ಸ್‌ಕ್ರಿಪ್ಟಿಗೆ ಧಾರವಾಡ, ಆಮೇಲೆ ಇಂಗ್ಲಿಷ್ ಪರೀಕ್ಷೆ, ಉದ್ದೇಶ ಪತ್ರ, ಗುರುಗಳ ಶಿಫಾರಸು. ಕನ್ನಡ ಮಾಧ್ಯಮದವರನ್ನು ಹೆಚ್ಚು ತಡೆಯುವುದು ಇಂಗ್ಲಿಷ್ ಪರೀಕ್ಷೆ. ವಿಷಯಜ್ಞಾನದ ಕೊರತೆ ಅಲ್ಲ.

ಇನ್ನು ಹಣದ ಮಾತು. ಕೇಂದ್ರ ಸರ್ಕಾರ 1954–55ರಿಂದ ಪರಿಶಿಷ್ಟರಿಗೆ ಸಾಗರೋತ್ತರ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ರಾಜ್ಯದ ‘ಪ್ರಬುದ್ಧ’ ಯೋಜನೆ ಈಚಿನದು. ಉಳಿದವರಿಗೆ 2001ರ ಮಾದರಿ ಶಿಕ್ಷಣ ಸಾಲ ಯೋಜನೆಯಿಂದ ಬ್ಯಾಂಕಿನ ಬಾಗಿಲು ತೆರೆಯಿತು. ಆದರೆ ದೊಡ್ಡ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು, ಬ್ಯಾಂಕುಗಳು ಸಾಲ ವಸೂಲಿಗೆ ಬಳಸುವ 2002ರ ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ಜಪ್ತಿ ಮಾಡುವಂತಿಲ್ಲ. ಹಾಗಾಗಿ ಬ್ಯಾಂಕುಗಳು ಹೊಲದ ಪಹಣಿಗಿಂತ ಪೇಟೆಯ ಮನೆಯನ್ನೇ ಕೇಳುತ್ತವೆ. ರೈತನ ಹೊಲವನ್ನು ಕಾಯಲು ಬಂದ ವಿನಾಯಿತಿ ಅವನ ಮಕ್ಕಳ ಓದಿಗೆ ಅಡ್ಡಿಯೂ ಆಗಿದೆ.

ಈಚಿನ ದಶಕಗಳಲ್ಲಿ ವೈದ್ಯ ಪದವಿಗಾಗಿಯೂ ಹೊರದೇಶಕ್ಕೆ ಹೋಗುತ್ತಾರೆ. ಇಲ್ಲಿನ ಖಾಸಗಿ ಸೀಟಿನ ಶುಲ್ಕ ಭರಿಸಲಾರದ ಮನೆಗಳು ಏಜೆಂಟರ ಮೂಲಕ ಉಕ್ರೇನ್‌ನಂಥ ದೇಶಗಳನ್ನು ಆರಿಸಿಕೊಂಡವು. ಈ ದಾರಿಯಲ್ಲಿ ಕಳಿಸುವ ಸಂಸ್ಥೆಯೂ ಇಲ್ಲ, ಮರಳಿದಾಗ ಕಾದಿರುವ ಹುದ್ದೆಯೂ ಇಲ್ಲ. ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಯುದ್ಧದಿಂದ ಪಾರಾಗಿ ಬಂದ ಸಹಪಾಠಿಗಳಿಗೆ ಭಾರತದ ಕಾಲೇಜುಗಳಲ್ಲಿ ಪ್ರವೇಶ ಸಿಗಲಿಲ್ಲ. ಬೇರೆ ದೇಶಗಳ ಕಾಲೇಜುಗಳಲ್ಲಿ ಓದು ಮುಂದುವರಿಸಲು ಮಾತ್ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು.